ಮೈದಾನದಿಂದ ಆರಂಭಿಸಿ: ಇಟಲಿಯ ಫುಟ್‌ಬಾಲ್ ಕ್ಲಬ್ಬೊಂದರ ಚರಿತ್ರೆಯನ್ನು ಮೈಸೂರಿನಲ್ಲಿ ಕುಳಿತು ಬರೆಯುವುದು ಹೇಗೆ?

ಯುರೋಪಿನ ಫುಟ್‌ಬಾಲ್ ಪಂದ್ಯಗಳನ್ನು ನಿದ್ದೆಗೆಟ್ಟು ನೋಡುವ ತರುಣ ತರುಣಿಯರು ಮೈಸೂರಿನ ಹಾಸ್ಟೆಲುಗಳಲ್ಲಿಯೂ ಬಡಾವಣೆಗಳಲ್ಲಿಯೂ ಈಗ ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರು ತಮ್ಮ ಮೆಚ್ಚಿನ ಕ್ಲಬ್ಬಿನ ಬಗ್ಗೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುತ್ತಾರೆ, ಕೆಲವರು ಕನ್ನಡ ವಿಕಿಪೀಡಿಯಕ್ಕೆ ಪುಟ ಸೇರಿಸುತ್ತಾರೆ, ಇನ್ನು ಕೆಲವರು ಗೆಳೆಯರ ಕೂಟದಲ್ಲಿ ಉಪನ್ಯಾಸ ಕೊಡಲು ಮುಂದಾಗುತ್ತಾರೆ. ಇಂಥ ಬರಹಗಳನ್ನು ತಿದ್ದಿಕೊಡುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಅವುಗಳಲ್ಲಿ ಹೆಚ್ಚಿನವು ಗೆದ್ದ ಪ್ರಶಸ್ತಿಗಳ ಪಟ್ಟಿಯಿಂದ ಮೊದಲಾಗಿ ಆಟಗಾರರ ಹೆಸರುಗಳ ಪಟ್ಟಿಯಲ್ಲಿ ಮುಗಿಯುತ್ತವೆ. ಆ ಕ್ಲಬ್ಬು ಯಾವ ಊರಿನದು, ಊರಿನ ಯಾವ ಮೂಲೆಯಲ್ಲಿ ಆಡುತ್ತದೆ, ಅಲ್ಲಿಯೇ ಏಕೆ ಆಡುತ್ತದೆ ಎಂಬುದು ಓದುಗರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಪಟ್ಟಿಯನ್ನು ಪಕ್ಕಕ್ಕಿಟ್ಟು ಮೈದಾನದಿಂದ ಆರಂಭಿಸಿದರೆ ಕ್ಲಬ್ಬಿನ ಚರಿತ್ರೆಯೂ ಊರಿನ ಚರಿತ್ರೆಯೂ ಒಟ್ಟಿಗೆ ಕೈಗೆ ಸಿಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕೆಲಸವನ್ನು ಮಾಡುವ ಕ್ರಮವನ್ನು ಒಂದೇ ಒಂದು ಕ್ಲಬ್ಬನ್ನು ಎದುರಿಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಇಟಲಿಯ ವಾಯವ್ಯ ಕರಾವಳಿಯ ಬಂದರು ನಗರವಾದ ಜೆನೋವಾದ ಕ್ಲಬ್ಬನ್ನು. ಇಂದಿಗೂ ಆಡುತ್ತಿರುವ ಇಟಲಿಯ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಅತ್ಯಂತ ಹಳೆಯದಾದ ಇದನ್ನು ಇಂಗ್ಲಿಷರು ಕಟ್ಟಿದ ಕಾರಣ ಇದರ ಹೆಸರೂ ಇಂಗ್ಲಿಷಿನದೇ ಆಗಿ ಉಳಿದಿದೆ. ಆದ್ದರಿಂದ ಈ ಲೇಖನದಲ್ಲಿ ನಗರವನ್ನು ಜೆನೋವಾ ಎಂದೂ ಕ್ಲಬ್ಬನ್ನು ಜೆನೋಆ ಎಂದೂ ಬರೆಯುತ್ತೇನೆ. 1911ರಿಂದ ಈ ಕ್ಲಬ್ಬು ಒಂದೇ ಸ್ಥಳದಲ್ಲಿ ಆಡುತ್ತ ಬಂದಿರುವುದರಿಂದ ಮೈದಾನವನ್ನು ಹಿಡಿದು ಚರಿತ್ರೆ ಬರೆಯಲು ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ಕ್ಲಬ್ಬು ಸಿಗುವುದು ಕಷ್ಟ. ನಿಮ್ಮ ಮೆಚ್ಚಿನ ಕ್ಲಬ್ಬು ಬೇರೆಯಾಗಿದ್ದರೂ ಕ್ರಮ ಇದೇ.

ಮೊದಲು ನಕ್ಷೆ

ಪುಸ್ತಕವನ್ನಾಗಲಿ ಜಾಲತಾಣವನ್ನಾಗಲಿ ತೆರೆಯುವ ಮೊದಲು ಊರಿನ ನಕ್ಷೆಯನ್ನು ನೋಡಿ. ಫೋನಿನ ಸಣ್ಣ ಪರದೆ ಇದಕ್ಕೆ ಸಾಲದು. ಜೆನೋವಾ ನಗರದ ನಕ್ಷೆಯನ್ನು ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿಕೊಂಡು ಮೇಜಿನ ಮೇಲೆ ಹರಡಿಕೊಳ್ಳಿ. ದಕ್ಷಿಣಕ್ಕೆ ಸಮುದ್ರ, ಉತ್ತರಕ್ಕೆ ಒಮ್ಮೆಲೇ ಎದ್ದು ನಿಲ್ಲುವ ಬೆಟ್ಟಗಳು, ನಡುವೆ ಕಿರಿದಾದ ಪಟ್ಟಿಯಂಥ ಊರು ಕಾಣುತ್ತದೆ. ಸಮತಟ್ಟಾದ ನೆಲ ಇಲ್ಲಿ ದುರ್ಲಭ. ಬೆಟ್ಟಗಳ ನಡುವಿನಿಂದ ಸಮುದ್ರದ ಕಡೆಗೆ ಇಳಿಯುವ ಬಿಸಾನ್ಯೊ ಎಂಬ ಹೊಳೆಯನ್ನು ನೀಲಿ ಪೆನ್ಸಿಲಿನಿಂದ ಗುರುತಿಸಿ, ಅದರ ದಂಡೆಯ ಮೇಲೆಯೇ ಮರಾಸ್ಸಿ ಎಂಬ ಬಡಾವಣೆಯನ್ನು ಹುಡುಕಿ. ಅಲ್ಲಿ ಮನೆಗಳ ಸಾಲುಗಳ ನಡುವೆ ಅಗಲವೂ ಇಲ್ಲದೆ ಬಯಲೂ ಇಲ್ಲದೆ ಇಕ್ಕಟ್ಟಾಗಿ ನಿಂತಿರುವ ಆಯತಾಕಾರದ ಕಟ್ಟಡವೇ ಲುಯಿಜಿ ಫೆರಾರಿಸ್ ಕ್ರೀಡಾಂಗಣ. ಅದರ ಒಂದು ಬದಿಗೆ ವಿಲ್ಲಾ ಪಿಯಾಂತೆಲ್ಲಿ ಎಂಬ ಹಳೆಯ ಶ್ರೀಮಂತರ ಬಂಗಲೆ, ಸಮೀಪದಲ್ಲಿಯೇ ನಗರದ ಸೆರೆಮನೆ, ಮುಂದೆ ಹೊಳೆ. ಈ ಮೂರು ನೆರೆಹೊರೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡವರಿಗೆ ಮುಂದಿನ ಅರ್ಧ ಕೆಲಸ ಆದಂತೆಯೇ ಸರಿ.

ಈಗ ಅದೇ ನಕ್ಷೆಯಲ್ಲಿ ಕ್ಲಬ್ಬಿನ ಹಿಂದಿನ ಮೈದಾನಗಳನ್ನು ಹುಡುಕಬೇಕು. ಮೊದಲನೆಯದು ನಗರದ ಪಶ್ಚಿಮಕ್ಕೆ, ಸಾಂಪಿಯೆರ್‌ದಾರೆನಾ ಎಂಬ ಕೈಗಾರಿಕಾ ಊರಿನ ಕಂಪಾಸ್ಸೊದಲ್ಲಿತ್ತು. ಆ ಊರು 1926ರವರೆಗೆ ಜೆನೋವಾದಿಂದ ಪ್ರತ್ಯೇಕವಾದ ಆಡಳಿತವನ್ನೇ ಹೊಂದಿತ್ತು. ಆ ಬಳಿಕ ಬಿಸಾನ್ಯೊ ಕಣಿವೆಯ ಪೋಂತೆ ಕರೇಗಾ, 1907ರಲ್ಲಿ ಅದೇ ಕಣಿವೆಯ ಸಾನ್ ಗೊತ್ತಾರ್ದೊ, ಕೊನೆಗೆ 1911ರಲ್ಲಿ ಮರಾಸ್ಸಿ. ಈ ಸ್ಥಳಗಳನ್ನು ಗೆರೆ ಎಳೆದು ಜೋಡಿಸಿದರೆ, ಆಟಕ್ಕೆ ಬೇಕಾದ ಸಮನೆಲವನ್ನು ಹುಡುಕುತ್ತ ಒಂದು ಕ್ಲಬ್ಬು ಊರಿನ ಅಂಚಿನಲ್ಲಿ ಅಲೆದ ದಾರಿ ಕಣ್ಣಿಗೆ ಕಾಣುತ್ತದೆ. ಹೊಳೆ ತಂದು ಹಾಸಿದ ನೆಲವೇ ಅವರಿಗೆ ಒದಗಿದ ನೆಲ. ಆ ನೆಲದ ಬೆಲೆಯನ್ನು ಊರು ಇಂದಿಗೂ ತೆರುತ್ತಿದೆ: 1970ರ ಅಕ್ಟೋಬರಿನ ಮಹಾಪೂರ, 2011ರ ನವೆಂಬರ್ 4ರಂದು ಮರಾಸ್ಸಿಯ ಫೆರೆಜ್ಜಾನೊ ತೊರೆ ಉಕ್ಕಿ ಆರು ಮಂದಿ ಸತ್ತ ದುರಂತ, 2014ರ ಅಕ್ಟೋಬರಿನ ನೆರೆ, ಇವೆಲ್ಲವೂ ಈ ಬಡಾವಣೆಯ ಚರಿತ್ರೆಗೆ ಸೇರಿದವು. 2011ರ ಆ ವಾರ ಇಲ್ಲಿ ನಡೆಯಬೇಕಾಗಿದ್ದ ಮಿಲಾನ್ ನಗರದ ಇಂಟರ್ ಕ್ಲಬ್ಬಿನ ವಿರುದ್ಧದ ಪಂದ್ಯವನ್ನು ಮುಂದೂಡಲಾಯಿತು. ಪ್ರಶಸ್ತಿಗಳ ಪಟ್ಟಿಯನ್ನು ಮಾತ್ರ ನೋಡುವವರಿಗೆ ಈ ಸಂಗತಿ ಎಲ್ಲಿಯೂ ಎದುರಾಗುವುದಿಲ್ಲ.

ನಕ್ಷೆಯನ್ನು ಓದುವ ಅಭ್ಯಾಸ ಇಲ್ಲದವರು ಅದನ್ನು ನಮ್ಮ ಊರಿನಲ್ಲಿಯೇ ಮಾಡಿಕೊಳ್ಳಬಹುದು. ಮೈಸೂರಿನ ದೊಡ್ಡಕೆರೆ ಮೈದಾನಕ್ಕೆ ಆ ಹೆಸರು ಬಂದದ್ದು ಅದು ಒಂದು ಕಾಲಕ್ಕೆ ಕೆರೆಯೇ ಆಗಿದ್ದುದರಿಂದ. ಹಳೆಯ ನಕ್ಷೆಯನ್ನೂ ಇಂದಿನ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು, ಕೆರೆಯಂಗಳ ಯಾವಾಗ ಮೈದಾನವಾಯಿತು ಎಂದು ಪತ್ತೆ ಮಾಡುವ ಪ್ರಯತ್ನ ಮಾಡಿ. ಮಹಾರಾಜ ಕಾಲೇಜಿನ ಮೈದಾನ ಕಾಲೇಜಿನ ಬಗಲಿನಲ್ಲಿಯೇ ಏಕಿದೆ, ಮಂಡ್ಯದ ಕ್ರೀಡಾಂಗಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಏಕೆ ಬಂತು ಎಂದು ಕೇಳಿಕೊಳ್ಳಿ. ಎರಡನೆಯ ಪ್ರಶ್ನೆಗೆ ಉತ್ತರ ಮಂಡ್ಯದ ಪ್ರತಿಯೊಂದು ಕಬ್ಬಿನ ಗದ್ದೆಯಲ್ಲಿಯೂ ಇದೆ. ನೆಲವನ್ನೂ ಹೆಸರನ್ನೂ ಪ್ರಶ್ನಿಸುವ ಈ ಕ್ರಮ ಕೈಗೆ ಹತ್ತಿದ ಮೇಲೆ ಜೆನೋವಾ ದೂರದ ಊರು ಎನಿಸುವುದಿಲ್ಲ.

ಎರಡು ಕಲಂಗಳ ಹಾಳೆ

ನಕ್ಷೆಯ ನಂತರ ಒಂದು ದೊಡ್ಡ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಗಡೆ ಕ್ಲಬ್ಬಿನ ಸಂಗತಿಗಳು, ಬಲಗಡೆ ಮೈದಾನದ ಸಂಗತಿಗಳು, ನಡುವೆ ಇಸವಿ. ಎಡಗಡೆಯ ಪ್ರತಿಯೊಂದು ನಮೂದಿಗೂ ಬಲಗಡೆ ಏನಾದರೂ ಇರಲೇಬೇಕೆಂದಿಲ್ಲ, ಆದರೆ ಎರಡೂ ಕಡೆ ಒಂದೇ ಇಸವಿಯಲ್ಲಿ ಏನಾದರೂ ಕಂಡರೆ ಅಲ್ಲಿ ನಿಂತು ಕಾರಣವನ್ನು ಹುಡುಕಬೇಕು.

ಎಡಗಡೆಯ ಮೊದಲ ಇಸವಿ 1893. ಆ ವರ್ಷದ ಸೆಪ್ಟೆಂಬರ್ 7ರಂದು ಜೆನೋವಾದ ಬ್ರಿಟಿಷ್ ಕಾನ್ಸುಲ್ ಕಚೇರಿಯಲ್ಲಿ ಸೇರಿದ ಇಂಗ್ಲಿಷರು ‘ಜೆನೋಆ ಕ್ರಿಕೆಟ್ ಅಂಡ್ ಅಥ್ಲೆಟಿಕ್ ಕ್ಲಬ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕ್ರಿಕೆಟ್ ಎಂಬ ಪದ ಇಂದಿಗೂ ಕ್ಲಬ್ಬಿನ ಅಧಿಕೃತ ಹೆಸರಿನಲ್ಲಿದೆ. ಬಂದರಿಗೆ ಇಂಗ್ಲೆಂಡಿನ ಕಲ್ಲಿದ್ದಲು ಹೊತ್ತ ಹಡಗುಗಳು ಬರುತ್ತಿದ್ದವು, ಅವುಗಳ ವ್ಯವಹಾರ ನೋಡಿಕೊಳ್ಳುವ ಇಂಗ್ಲಿಷ್ ಮನೆತನಗಳು ಊರಿನಲ್ಲಿ ನೆಲೆಸಿದ್ದವು. ಆ ಕ್ಲಬ್ಬು ಅವರಿಗೇ ಮೀಸಲಾಗಿತ್ತು. 1896ರಲ್ಲಿ ಹಡಗಿನ ನಾವಿಕರಿಗೆ ಚಿಕಿತ್ಸೆ ನೀಡಲೆಂದು ಬಂದ ಜೇಮ್ಸ್ ರಿಚರ್ಡ್‌ಸನ್ ಸ್ಪೆನ್ಸ್ಲಿ ಎಂಬ ವೈದ್ಯರು ಮರುವರ್ಷ ಫುಟ್‌ಬಾಲ್ ವಿಭಾಗವನ್ನು ಬೆಳೆಸಿ, ಇಟಾಲಿಯನ್ನರಿಗೂ ಸದಸ್ಯತ್ವ ಕೊಡಿಸಿದರು. ಕ್ಲಬ್ಬು ಉಳಿದು ಬೆಳೆದದ್ದು ಬಹುಮಟ್ಟಿಗೆ ಈ ಒಂದು ನಿರ್ಧಾರದಿಂದ. ಹೊರಗಿನವರ ಖಾಸಗಿ ಕೂಟವಾಗಿಯೇ ಉಳಿದಿದ್ದರೆ ಅದು ಆ ಕಾಲದ ಇತರ ಎಷ್ಟೋ ಕೂಟಗಳಂತೆ ಕಣ್ಮರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ಮುಂದಿನ ನಮೂದು 1898ರ ಮೇ 8. ಇಟಲಿಯ ಮೊತ್ತಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಟೂರಿನ್ ನಗರದ ಒಂದು ಸೈಕಲ್ ರೇಸಿನ ಮೈದಾನದಲ್ಲಿ ಒಂದೇ ದಿನದಲ್ಲಿ ನಡೆದು ಮುಗಿಯಿತು. ಭಾಗವಹಿಸಿದ್ದು ನಾಲ್ಕೇ ತಂಡಗಳು, ಅವುಗಳಲ್ಲಿ ಮೂರು ಟೂರಿನ್ನಿನವೇ. ನಾಲ್ಕನೆಯದಾದ ಜೆನೋಆ ಫೈನಲ್‌ನಲ್ಲಿ ಇಂಟರ್‌ನಾಸ್ಯೊನಾಲೆ ಟೊರಿನೊ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋಲಿಸಿತು. ಗೋಲ್‌ಕೀಪರ್ ಆಗಿ ನಿಂತಿದ್ದವರು ಡಾಕ್ಟರ್ ಸ್ಪೆನ್ಸ್ಲಿಯವರೇ. ಆ ಬಳಿಕ 1899, 1900, 1902, 1903, 1904ರಲ್ಲಿಯೂ ಜೆನೋಆ ಚಾಂಪಿಯನ್ ಆಯಿತು. ಇಲ್ಲಿ ಬಲಗಡೆಯ ಕಲಮನ್ನು ನೋಡಿ. ಈ ಆರು ಪ್ರಶಸ್ತಿಗಳಲ್ಲಿ ಒಂದೂ ಮರಾಸ್ಸಿಯ ಕಾಲದ್ದಲ್ಲ. ಮರಾಸ್ಸಿಯ ಮೈದಾನ ಆಗಿನ್ನೂ ಇರಲೇ ಇಲ್ಲ. ಕ್ಲಬ್ಬಿನ ಒಟ್ಟು ಒಂಬತ್ತು ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಇಂದಿನ ನೆಲದೊಂದಿಗೆ ನಂಟು ಇರುವುದು 1915, 1923, 1924ರ ಮೂರಕ್ಕೆ ಮಾತ್ರ. ಕ್ಲಬ್ಬಿನ ವೈಭವದ ಕಾಲವೂ ಕ್ರೀಡಾಂಗಣದ ವೈಭವದ ಕಾಲವೂ ಬೇರೆ ಬೇರೆ ಎಂಬ ಈ ಮುಖ್ಯ ಸಂಗತಿ ಎರಡು ಕಲಂಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ಹೊಳೆಯುತ್ತದೆ.

ಬಲಗಡೆಯ ಕಲಂ 1911ರ ಜನವರಿ 22ರಿಂದ ತುಂಬತೊಡಗುತ್ತದೆ. ಅಂದು ಇಂಟರ್ ವಿರುದ್ಧದ ಪಂದ್ಯದೊಂದಿಗೆ ಮರಾಸ್ಸಿಯ ಮೈದಾನ ತೆರೆಯಿತು. 1933ರ ಜನವರಿ 1ರಂದು, ಕ್ಲಬ್ಬಿಗೆ ನಲವತ್ತು ತುಂಬುವ ವರ್ಷದ ಮೊದಲ ದಿನ, ಅದಕ್ಕೆ ಲುಯಿಜಿ ಫೆರಾರಿಸ್ ಎಂಬ ಹೆಸರಿಟ್ಟರು. ಫೆರಾರಿಸ್ ಹಿಂದೆ ತಂಡದ ನಾಯಕರಾಗಿದ್ದವರು. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಇಟಲಿಯ ಪರ ಹೋರಾಡುತ್ತ ಮಡಿದರು. ಎಡಗಡೆಯ ಕಲಮಿನಲ್ಲಿ ಅದೇ 1915ರ ಎದುರಿಗೆ ಇನ್ನೊಂದು ಸಾವನ್ನು ಬರೆಯಬೇಕು: ಬ್ರಿಟಿಷ್ ಸೇನೆಯಲ್ಲಿ ವೈದ್ಯರಾಗಿದ್ದ ಸ್ಪೆನ್ಸ್ಲಿ ಅದೇ ಯುದ್ಧದಲ್ಲಿ ಗಾಯಗೊಂಡು ಸೆರೆಸಿಕ್ಕಿ ಜರ್ಮನಿಯ ಮೈಂಝ್ ನಗರದಲ್ಲಿ ಅದೇ ವರ್ಷ ತೀರಿಕೊಂಡರು. ಮೂರನೆಯ ನಮೂದೂ ಆ ವರ್ಷದ್ದೇ. ಇಟಲಿ ಯುದ್ಧಕ್ಕೆ ಇಳಿದದ್ದರಿಂದ 1915ರ ಮೇ 23ರಂದು ಚಾಂಪಿಯನ್‌ಷಿಪ್ ಅರ್ಧಕ್ಕೆ ನಿಂತಿತು. ಉತ್ತರ ವಿಭಾಗದಲ್ಲಿ ಒಂದು ಸುತ್ತು ಉಳಿದಿರುವಾಗ ಮುಂದಿದ್ದ ಜೆನೋಆಗೆ ಯುದ್ಧ ಮುಗಿದ ಮೇಲೆ ಪ್ರಶಸ್ತಿಯನ್ನು ಕೊಡಲಾಯಿತು, ಅದರ ಬಗ್ಗೆ ತಕರಾರು ನೂರು ವರ್ಷಗಳ ನಂತರವೂ ನಡೆದಿದೆ. ಒಂದೇ ಇಸವಿಯ ಎದುರು ಮೂರು ನಮೂದುಗಳು ಹೀಗೆ ಕೂಡಿಬಂದಾಗ ಲೇಖನದ ಒಂದು ಇಡೀ ಭಾಗ ತಾನಾಗಿಯೇ ರೂಪುಗೊಳ್ಳುತ್ತದೆ. ಬರೆಯುವವರು ಅದನ್ನು ಹುಡುಕಿಕೊಂಡು ಹೋಗಬೇಕಾಗುವುದಿಲ್ಲ.

ವಿಲಿಯಂ ಗಾರ್ಬಟ್ ಅವರಿಗೂ ಎಡಗಡೆ ಸಾಕಷ್ಟು ಜಾಗ ಬಿಡಿ. ವುಲಿಚ್ ಆರ್ಸೆನಲ್ ಮತ್ತು ಬ್ಲ್ಯಾಕ್‌ಬರ್ನ್ ರೋವರ್ಸ್ ಪರ ಆಡಿದ್ದ ಇವರು 1912ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಜೆನೋಆದ ತರಬೇತುದಾರರಾದರು. ತಂಡದ ಕೊನೆಯ ಮೂರು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳೂ ಇವರ ಕಾಲದವು. ಮುಂದೆ ರೋಮಾ, ನಾಪೊಲಿ ತಂಡಗಳನ್ನು ನೋಡಿಕೊಂಡು, 1936ರಲ್ಲಿ ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊಗೆ ಲೀಗ್ ಪ್ರಶಸ್ತಿ ಗೆಲ್ಲಿಸಿ, ಮತ್ತೆ ಜೆನೋಆಗೆ ಮರಳಿದರು. ಎರಡನೆಯ ಮಹಾಯುದ್ಧದಲ್ಲಿ ಶತ್ರುದೇಶದ ಪ್ರಜೆ ಎಂಬ ಕಾರಣಕ್ಕೆ ಇಟಲಿ ಅವರನ್ನು ನಿರ್ಬಂಧದಲ್ಲಿರಿಸಿತು. 1944ರಲ್ಲಿ ಮಿತ್ರಪಕ್ಷಗಳ ಬಾಂಬ್ ದಾಳಿಗೆ ಅವರ ಪತ್ನಿ ಬಲಿಯಾದರು. ಯುದ್ಧ ಮುಗಿದ ಮೇಲೂ ಅವರು ಮರಾಸ್ಸಿಗೇ ಬಂದು ತಂಡಕ್ಕೆ ತರಬೇತಿ ಕೊಟ್ಟರು. ಕ್ಲಬ್ಬಿನ ಚರಿತ್ರೆಯಲ್ಲಿ ಇಷ್ಟು ದೊಡ್ಡ ಬದುಕು ಸಿಕ್ಕಾಗ ಅದನ್ನು ಒಂದು ವಾಕ್ಯದಲ್ಲಿ ಮುಗಿಸಬಾರದು. ಅದೇ ವೇಳೆಗೆ, 1904ರಿಂದ 1911ರವರೆಗಿನ ಸಪ್ಪೆ ವರ್ಷಗಳನ್ನು ಒಂದೇ ವಾಕ್ಯದಲ್ಲಿ ದಾಟಿದರೆ ಯಾರೂ ದೂರುವುದಿಲ್ಲ.

ವಿವಾದವನ್ನು ಬರೆಯುವ ರೀತಿ

ಪ್ರತಿಯೊಂದು ಹಳೆಯ ಕ್ಲಬ್ಬಿಗೂ ಅದರ ಅಭಿಮಾನಿಗಳು ಮರೆಯದ ಒಂದು ಅನ್ಯಾಯ ಇರುತ್ತದೆ. ಅದನ್ನು ಬರೆಯುವಾಗಲೇ ಬರಹಗಾರನ ಎಚ್ಚರ ಪರೀಕ್ಷೆಗೆ ಒಳಗಾಗುವುದು. ಜೆನೋಆದವರ ಪಾಲಿಗೆ ಅದು 1925ರ ‘ನಕ್ಷತ್ರದ ಕಳವು’. ಉತ್ತರ ವಿಭಾಗದ ಫೈನಲ್‌ನಲ್ಲಿ ಜೆನೋಆ ಮತ್ತು ಬೊಲೊನ್ಯಾ ತಂಡಗಳು ತಮ್ಮ ತಮ್ಮ ಊರಿನಾಚೆ ಒಂದೊಂದು ಪಂದ್ಯ ಗೆದ್ದು ಸಮನಾಗಿದ್ದವು. ಜೂನ್ 7ರಂದು ಮಿಲಾನಿನಲ್ಲಿ ನಡೆದ ಮೂರನೆಯ ಪಂದ್ಯದ ಮೊದಲ ಅರ್ಧ ಮುಗಿದಾಗ ಜೆನೋಆ 2–0ರಿಂದ ಮುಂದಿತ್ತು. ಎರಡನೆಯ ಅರ್ಧದಲ್ಲಿ ಬೊಲೊನ್ಯಾದ ಮುಜ್ಜೊಲಿ ಹೊಡೆದ ಚೆಂಡನ್ನು ಗೋಲ್‌ಕೀಪರ್ ದೆ ಪ್ರಾ ತಳ್ಳಿ ಹೊರಗೆ ಹಾಕಿದರೆಂದು ರೆಫರಿ ಜೊವಾನ್ನಿ ಮಾವ್ರೊ ಮೊದಲು ಕಾರ್ನರ್ ಕೊಟ್ಟರು. ಬೊಲೊನ್ಯಾದ ಬೆಂಬಲಿಗರು ಮೈದಾನಕ್ಕೆ ನುಗ್ಗಿದರು, ಆಟ ಬಹಳ ಹೊತ್ತು ನಿಂತಿತು, ಕೊನೆಗೆ ರೆಫರಿ ಅದನ್ನು ಗೋಲು ಎಂದು ಘೋಷಿಸಿದರು. ಪಂದ್ಯ 2–2ಕ್ಕೆ ಬಂದು ನಿಂತಾಗ ಜೆನೋಆ ಹೆಚ್ಚುವರಿ ಅವಧಿ ಆಡಲು ಒಪ್ಪಲಿಲ್ಲ. ಜುಲೈ 5ರಂದು ಟೂರಿನ್ನಿನಲ್ಲಿ ನಡೆದ ನಾಲ್ಕನೆಯ ಪಂದ್ಯವೂ ಸಮವಾಯಿತು. ಅದೇ ಸಂಜೆ ಪೋರ್ತಾ ನುವೋವಾ ರೈಲು ನಿಲ್ದಾಣದಲ್ಲಿ ಬೊಲೊನ್ಯಾದ ಬೆಂಬಲಿಗರಿದ್ದ ರೈಲಿನಿಂದ ಜೆನೋಆದವರ ಕಡೆಗೆ ಗುಂಡು ಹಾರಿತು. ಐದನೆಯ ಪಂದ್ಯವನ್ನು ಆಗಸ್ಟ್ 9ರ ಬೆಳಿಗ್ಗೆ ಏಳು ಗಂಟೆಗೆ ಮಿಲಾನಿನ ಹೊರವಲಯದಲ್ಲಿ ಪ್ರೇಕ್ಷಕರಿಲ್ಲದೆ ಆಡಿಸಿದರು. ಬೊಲೊನ್ಯಾ 2–0ರಿಂದ ಗೆದ್ದು, ಮುಂದೆ ರಾಷ್ಟ್ರೀಯ ಚಾಂಪಿಯನ್ನೂ ಆಯಿತು.

ಇಂಥ ಪ್ರಸಂಗವನ್ನು ಬರೆಯಲು ಮೂರು ಎಚ್ಚರಗಳು ಬೇಕು. ಮೊದಲನೆಯದಾಗಿ, ನಡೆದದ್ದನ್ನೂ ಅದರ ಹಿಂದಿನ ಕಾರಣವೆಂದು ಹೇಳಲಾಗುವುದನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಇರಿಸಬೇಕು. ಮೈದಾನಕ್ಕೆ ಜನ ನುಗ್ಗಿದ್ದು ಘಟನೆ. ಬೊಲೊನ್ಯಾದ ಫ್ಯಾಸಿಸ್ಟ್ ನಾಯಕ ಲೆಯಾಂದ್ರೊ ಅರ್ಪಿನಾತಿ ಅವರ ಒತ್ತಡದಿಂದಲೇ ಎಲ್ಲವೂ ನಡೆಯಿತೆಂಬುದು ಜೆನೋಆ ಅಭಿಮಾನಿಗಳ ಆರೋಪ. ಎರಡನೆಯದಾಗಿ, ಆಯಾ ಕಾಲದ ಮಾತನ್ನು ಆಯಾ ಕಾಲಕ್ಕೇ ಬಿಡಬೇಕು. ಒಂಬತ್ತು ಪ್ರಶಸ್ತಿ ಗೆದ್ದಿದ್ದ ಜೆನೋಆಗೆ ಆ ವರ್ಷದ್ದು ಹತ್ತನೆಯದಾಗುತ್ತಿತ್ತು. ಹತ್ತು ಪ್ರಶಸ್ತಿ ಗೆದ್ದ ಕ್ಲಬ್ಬು ಅಂಗಿಯ ಮೇಲೆ ನಕ್ಷತ್ರ ಧರಿಸುವ ಪದ್ಧತಿ ಇಟಲಿಯಲ್ಲಿ ಯುವೆಂಟಸ್‌ನೊಂದಿಗೆ 1958ರಲ್ಲಿ ಆರಂಭವಾಯಿತು. ಎಂದರೆ 1925ರಲ್ಲಿ ಕದಿಯಲು ನಕ್ಷತ್ರವೇ ಇರಲಿಲ್ಲ, ಆ ಹೆಸರು ಬಹಳ ಕಾಲದ ನಂತರ ಅಂಟಿಕೊಂಡದ್ದು. ಮೂರನೆಯ ಎಚ್ಚರವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಒಂದೇ ಘಟನೆಯನ್ನು ಬೇರೆ ಬೇರೆ ಊರಿನ ಪತ್ರಿಕೆಗಳಲ್ಲಿ ಓದಬೇಕು. ಟೂರಿನ್ನಿನ ‘ಲಾ ಸ್ಟಾಂಪಾ’ ಪತ್ರಿಕೆಯ 1867ರಿಂದೀಚಿನ ಸಂಚಿಕೆಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಗುಂಡು ಹಾರಿದ ನಿಲ್ದಾಣ ಆ ಪತ್ರಿಕೆಯ ಊರಿನಲ್ಲಿಯೇ ಇರುವುದರಿಂದ 1925ರ ಜುಲೈ ತಿಂಗಳ ಪುಟಗಳನ್ನು ತೆರೆಯುವುದು ಒಳ್ಳೆಯ ಆರಂಭ.

ಇಟಾಲಿಯನ್ ಭಾಷೆ ಬಾರದೆಂದು ಹಿಂಜರಿಯಬೇಕಾಗಿಲ್ಲ. ಕ್ರೀಡಾ ವರದಿಯ ಪದಸಂಪತ್ತು ಚಿಕ್ಕದು. ತಿಂಗಳುಗಳ ಹೆಸರು, ಸಂಖ್ಯೆಗಳು, ಗೋಲು, ಮೈದಾನ, ಪ್ರೇಕ್ಷಕರು, ಡ್ರಾ ಎಂಬಂಥ ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಫೋನಿನ ಅನುವಾದದ ನೆರವಿನಿಂದ ವರದಿಯ ತಾತ್ಪರ್ಯವನ್ನು ಹಿಡಿಯಬಹುದು. ಆದರೆ ಅನುವಾದ ಕೊಟ್ಟ ಅಂಕಿ ಮತ್ತು ಹೆಸರುಗಳನ್ನು ಮೂಲದ ಪುಟದ ಮೇಲೆ ಬೆರಳಿಟ್ಟು ಒಮ್ಮೆ ತಾಳೆ ನೋಡದೆ ಬಳಸಬೇಡಿ. ಊರನ್ನೂ ಕ್ಲಬ್ಬನ್ನೂ ಅದು ಒಂದೇ ಹೆಸರಿನಲ್ಲಿ ಬೆರೆಸಿಬಿಡುತ್ತದೆ. ಈ ಕ್ಲಬ್ಬಿನ ವಿಷಯದಲ್ಲಿ ಆ ವ್ಯತ್ಯಾಸಕ್ಕೆ ರಾಜಕೀಯ ಮಹತ್ವವೂ ಇದೆ. ವಿದೇಶಿ ಹೆಸರುಗಳನ್ನು ಸಹಿಸದ ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ, 1928ರಲ್ಲಿ, ಕ್ಲಬ್ಬು ತನ್ನ ಇಂಗ್ಲಿಷ್ ಹೆಸರನ್ನು ಬಿಟ್ಟು ‘ಜೆನೋವಾ 1893’ ಆಗಬೇಕಾಯಿತು, ಎರಡನೆಯ ಮಹಾಯುದ್ಧ ಮುಗಿದ ಮೇಲಷ್ಟೇ ಹಳೆಯ ಹೆಸರು ಮರಳಿತು. 1928ರಿಂದ 1945ರವರೆಗಿನ ಯಾವುದೇ ನಮೂದನ್ನು ಬರೆಯುವಾಗ ಆಗ ಚಾಲ್ತಿಯಲ್ಲಿದ್ದ ಹೆಸರನ್ನೇ ಬಳಸಿ. 1937ರಲ್ಲಿ ಇಟಾಲಿಯನ್ ಕಪ್ ಗೆದ್ದದ್ದು ಆ ಹೊಸ ಹೆಸರಿನ ತಂಡವೇ.

ಕಟ್ಟಡವನ್ನು ನೋಡುವ ಕಣ್ಣು

ಕ್ರೀಡಾಂಗಣಕ್ಕೆ ಹೋಗಿ ನೋಡಲು ನಮ್ಮಲ್ಲಿ ಹೆಚ್ಚಿನವರಿಗೆ ಸಾಧ್ಯವಿಲ್ಲ, ಆದರೆ ನೇರಪ್ರಸಾರದಲ್ಲಿ ಅದನ್ನು ಚೆನ್ನಾಗಿ ನೋಡಬಹುದು. ಚಳಿಗಾಲದಲ್ಲಿ ಇಟಲಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಆರಂಭವಾಗುವ ಚಳಿಗಾಲದ ಪಂದ್ಯ ಮೈಸೂರಿನಲ್ಲಿ ರಾತ್ರಿ ಏಳೂವರೆಗೆ ಬರುತ್ತದೆ, ಅಲ್ಲಿನ ರಾತ್ರಿ 8:45ರ ಪಂದ್ಯ ಆರಂಭವಾಗುವುದನ್ನು ನೋಡಲು ನಾವು ನಡುರಾತ್ರಿ 1:15ರವರೆಗೆ ಎಚ್ಚರವಿರಬೇಕು. ಅಧ್ಯಯನಕ್ಕೆ ಮಧ್ಯಾಹ್ನದ ಪಂದ್ಯವನ್ನೇ ಆರಿಸಿಕೊಳ್ಳಿ, ಏಕೆಂದರೆ ಹಗಲಿನ ಬೆಳಕಿನಲ್ಲಿ ಕಟ್ಟಡವೂ ಅದರ ಹಿಂದಿನ ಬೆಟ್ಟಗಳೂ ಸ್ಪಷ್ಟವಾಗಿ ಕಾಣುತ್ತವೆ. ಒಂದು ಪಂದ್ಯವನ್ನಾದರೂ ಚೆಂಡಿನ ಕಡೆಗೆ ಗಮನ ಕೊಡದೆ, ಕ್ಯಾಮೆರಾ ಮೇಲಕ್ಕೆ ತಿರುಗುವ ಕ್ಷಣಗಳಿಗಾಗಿ ಕಾದು ನೋಡಬೇಕು.

ಆಗ ಕಾಣುವುದು ವಾಸ್ತುಶಿಲ್ಪಿ ವಿತ್ತೋರಿಯೊ ಗ್ರೆಗೊತ್ತಿ ಅವರ ಕೆಲಸ. 1990ರ ವಿಶ್ವಕಪ್ಪಿಗಾಗಿ 1987ರಿಂದ 1989ರ ನಡುವೆ ಹಳೆಯ ಕ್ರೀಡಾಂಗಣವನ್ನು ಕೆಡವಿ ಹೊಸದನ್ನು ಕಟ್ಟಲಾಯಿತು. ನಾಲ್ಕು ಮೂಲೆಗಳಲ್ಲಿ ಕೆಂಪು ಬಣ್ಣದ ಚೌಕಾಕಾರದ ಗೋಪುರಗಳು, ಅವುಗಳ ನಡುವೆ ನೇರ ಗೆರೆಯ ಗ್ಯಾಲರಿಗಳು; ಓಟದ ಟ್ರ್ಯಾಕ್ ಇಲ್ಲದ ಕಾರಣ ಮೊದಲ ಸಾಲಿನ ಪ್ರೇಕ್ಷಕರು ಆಟಗಾರರಿಗೆ ತೀರ ಹತ್ತಿರ. ಅದೇ ವಿಶ್ವಕಪ್ಪಿಗೆ ಇಟಲಿಯ ಬೇರೆ ಊರುಗಳಲ್ಲಿ ಬಯಲಿನ ನಡುವೆ ದೊಡ್ಡ ಬಟ್ಟಲುಗಳಂತೆ ಎದ್ದ ಕ್ರೀಡಾಂಗಣಗಳು ಬಹುಬೇಗ ಟೀಕೆಗೆ ಗುರಿಯಾದವು. ಊರಿನ ಬೀದಿಗಳ ಅಳತೆಗೆ ತಕ್ಕಂತೆ ಬೆಳೆದ ಫೆರಾರಿಸ್ ಮಾತ್ರ ಇಂದಿಗೂ ಆಟ ನೋಡಲು ಯೋಗ್ಯವಾದ ಜಾಗವಾಗಿ ಉಳಿದಿದೆ. ಕೆಲಸ ನಡೆಯುವಾಗಲೂ ಪಂದ್ಯಗಳು ನಿಲ್ಲಲಿಲ್ಲ. ಒಂದು ಭಾಗವನ್ನು ಕೆಡವಿ ಕಟ್ಟುವಾಗ ಉಳಿದ ಭಾಗಗಳಲ್ಲಿ ಜನ ಕುಳಿತು ಆಟ ನೋಡಿದರು. ಆ ಎರಡು ವರ್ಷಗಳ ಪಂದ್ಯಗಳ ಹಳೆಯ ವಿಡಿಯೊಗಳನ್ನು ಹುಡುಕಿ, ಒಂದೊಂದರಲ್ಲಿಯೂ ಯಾವ ಗ್ಯಾಲರಿ ಇಲ್ಲ, ಯಾವ ಗೋಪುರ ಎದ್ದಿದೆ ಎಂದು ದಿನಾಂಕದೊಂದಿಗೆ ಗುರುತು ಮಾಡಿಕೊಂಡರೆ ಕಟ್ಟಡ ಮೇಲೇರಿದ ಕ್ರಮವನ್ನು ನೀವೇ ದಾಖಲಿಸಬಹುದು. ಕನ್ನಡದಲ್ಲಿ ಅಂಥ ಕೆಲಸ ಮಾಡಿದವರನ್ನು ನಾನು ಇನ್ನೂ ಕಂಡಿಲ್ಲ. ಯಾರಾದರೂ ಮಾಡಲಿ ಎಂಬ ಆಸೆ ನನಗಿದೆ.

ಗ್ಯಾಲರಿಗಳ ಬಣ್ಣವನ್ನೂ ಗಮನಿಸಿ. ಉತ್ತರದ ಗ್ಯಾಲರಿಯಲ್ಲಿ ಕೆಂಪು ಮತ್ತು ಕಡುನೀಲಿ ಬಾವುಟಗಳಿದ್ದರೆ ಅದು ಜೆನೋಆದ ಪಂದ್ಯ. ದಕ್ಷಿಣದ ಗ್ಯಾಲರಿಯ ಒಡೆಯರು ಸಾಂಪ್‌ಡೋರಿಯಾದವರು. ಸಾಂಪಿಯೆರ್‌ದಾರೆನೆಸೆ ಮತ್ತು ಆಂದ್ರೇಯಾ ದೋರಿಯಾ ಎಂಬ ಎರಡು ಕ್ಲಬ್ಬುಗಳು 1946ರಲ್ಲಿ ಒಂದಾಗಿ ಹುಟ್ಟಿದ ಸಾಂಪ್‌ಡೋರಿಯಾ ಅಂದಿನಿಂದಲೂ ಇದೇ ಕ್ರೀಡಾಂಗಣದಲ್ಲಿ ಆಡುತ್ತಿದೆ. 1991ರಲ್ಲಿ ಇಟಲಿಯ ಚಾಂಪಿಯನ್ ಆದದ್ದು ಸಾಂಪ್‌ಡೋರಿಯಾ. ಅದೇ ವರ್ಷ ನಾಲ್ಕನೆಯ ಸ್ಥಾನ ಪಡೆದ ಜೆನೋಆ ಮರುವರ್ಷ ಯುರೋಪಿನ ಕ್ಲಬ್ಬುಗಳ ಸ್ಪರ್ಧೆಯಾದ ಯುಇಎಫ್‌ಎ ಕಪ್ಪಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ತಂಡವನ್ನು ಮರಾಸ್ಸಿಯಲ್ಲಿ 2–0ರಿಂದಲೂ, ಅದರ ತವರಾದ ಆನ್‌ಫೀಲ್ಡ್‌ನಲ್ಲಿ 2–1ರಿಂದಲೂ ಸೋಲಿಸಿತು. ಎರಡು ವಿಶ್ವಕಪ್ಪುಗಳೂ ಈ ನೆಲಕ್ಕೆ ಸೇರಿವೆ. 1934ರ ಮೇ 27ರಂದು ಸ್ಪೇನ್ ಇಲ್ಲಿ ಬ್ರೆಜಿಲ್ ತಂಡವನ್ನು 3–1ರಿಂದ ಮನೆಗೆ ಕಳುಹಿಸಿತು. ಸಾಗರ ದಾಟಿ ಬಂದ ಬ್ರೆಜಿಲ್ ಆ ವಿಶ್ವಕಪ್ಪಿನಲ್ಲಿ ಆಡಿದ್ದು ಈ ಒಂದೇ ಪಂದ್ಯ. 1990ರ ಜೂನ್ 25ರಂದು ಐರ್ಲೆಂಡ್ ಇಲ್ಲಿ ರೊಮೇನಿಯಾವನ್ನು ಪೆನಾಲ್ಟಿಯಲ್ಲಿ ಮಣಿಸಿತು. ಇವೆಲ್ಲವನ್ನೂ ಬಲಗಡೆಯ ಕಲಮಿನಲ್ಲಿ ಬರೆಯಿರಿ. ಮೈದಾನ ಯಾವ ಒಂದು ಕ್ಲಬ್ಬಿನ ಸ್ವತ್ತೂ ಅಲ್ಲವೆಂದು ಆ ಕಲಂ ಹೇಳುತ್ತ ಹೋಗುತ್ತದೆ.

ಇತ್ತೀಚಿನ ಒಂದು ದಿನಾಂಕವನ್ನು ಬಿಡುವಂತಿಲ್ಲ. 2018ರ ಆಗಸ್ಟ್ 14ರಂದು ಜೆನೋವಾ ನಗರದ ಮೊರಾಂದಿ ಸೇತುವೆ ಕುಸಿದು 43 ಮಂದಿ ಸತ್ತರು. ಅದೇ ತಿಂಗಳ 26ರಂದು ಎಂಪೊಲಿ ವಿರುದ್ಧ ನಡೆದ ಪಂದ್ಯದಲ್ಲಿ ಉತ್ತರದ ಗ್ಯಾಲರಿಯ ಅಭಿಮಾನಿಗಳು ಮೊದಲ 43 ನಿಮಿಷ ಒಂದು ಘೋಷಣೆಯನ್ನೂ ಕೂಗದೆ ಕುಳಿತರು. ಪ್ರಶಸ್ತಿಯ ಪಟ್ಟಿಯಲ್ಲಿ ಈ ಪಂದ್ಯಕ್ಕೆ ಯಾವ ಬೆಲೆಯೂ ಇಲ್ಲ, ಆದರೆ ಕ್ರೀಡಾಂಗಣದ ಚರಿತ್ರೆಯಲ್ಲಿ ಇದಕ್ಕೆ ಅರ್ಧ ಪುಟ ಕೊಡಬೇಕು.

ಬರೆದು ಮುಗಿಸುವ ಮುನ್ನ

ಕರಡು ಸಿದ್ಧವಾದ ಮೇಲೆ ಅಂಕಿಗಳನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಿ. ಆಸನಗಳ ಸಂಖ್ಯೆ ಹೆಚ್ಚು ದಾರಿ ತಪ್ಪಿಸುತ್ತದೆ. ಫೆರಾರಿಸ್‌ಗೆ ಒಂದು ಕಡೆ 36 ಸಾವಿರಕ್ಕೂ ಹೆಚ್ಚೆಂದು, ಇನ್ನೊಂದು ಕಡೆ ಅದಕ್ಕಿಂತ ಕಡಿಮೆಯೆಂದು ಕಾಣುವುದಕ್ಕೆ ಕಾರಣ ಸುರಕ್ಷತೆಯ ನಿಯಮಗಳಿಗೆ ತಕ್ಕಂತೆ ಆಸನಗಳ ಲೆಕ್ಕ ಬದಲಾಗುತ್ತ ಬಂದಿರುವುದು. ಹಳೆಯ ಕ್ರೀಡಾಂಗಣದಲ್ಲಿ ಜನ ನಿಂತು ನೋಡುತ್ತಿದ್ದುದರಿಂದ 1949ರ ಇಟಲಿ ಮತ್ತು ಪೋರ್ಚುಗಲ್ ಪಂದ್ಯಕ್ಕೆ ಸುಮಾರು 60 ಸಾವಿರ ಮಂದಿ ಸೇರಿದ್ದರು. ಆದ್ದರಿಂದ ಯಾವುದೇ ಸಂಖ್ಯೆಯ ಪಕ್ಕದಲ್ಲಿ ಅದು ಯಾವ ವರ್ಷದ್ದೆಂದು ಬರೆಯಿರಿ. ಸೋಲಿನ ವರ್ಷಗಳನ್ನೂ ಮುಚ್ಚಿಡಬೇಡಿ: 1934ರಲ್ಲಿ ಮೊದಲ ಬಾರಿಗೆ ಕೆಳಗಿನ ದರ್ಜೆಗೆ ಇಳಿದದ್ದು, 2005ರಲ್ಲಿ ಎರಡನೆಯ ದರ್ಜೆಯ ಲೀಗ್ ಆದ ಸೀರಿ ಬಿ ಗೆದ್ದೂ ಪಂದ್ಯ ಮೊದಲೇ ಹೊಂದಿಸಿಕೊಂಡ ಪ್ರಕರಣದಲ್ಲಿ ಶಿಕ್ಷೆಯಾಗಿ ಮೂರನೆಯ ದರ್ಜೆಗೆ ತಳ್ಳಲ್ಪಟ್ಟದ್ದು, 2007ರಲ್ಲಿ ಮೊದಲ ದರ್ಜೆಯಾದ ಸೀರಿ ಎಗೆ ಮರಳಿದ್ದು, 2022ರಲ್ಲಿ ಮತ್ತೆ ಇಳಿದು 2023ರಲ್ಲಿ ಮೇಲೆ ಬಂದದ್ದು, ಇವು ಎರಡು ಮೂರು ವಾಕ್ಯಗಳಲ್ಲಿ ಬಂದರೆ ಸಾಕು, ಆದರೆ ಬರಲೇಬೇಕು.

ಚಿತ್ರಗಳನ್ನು ಬಳಸುವುದಾದರೆ ಬಳಕೆಗೆ ಮುಕ್ತವಾಗಿರುವವನ್ನು ವಿಕಿಮೀಡಿಯ ಕಾಮನ್ಸ್‌ನಿಂದ ಆರಿಸಿ, ತೆಗೆದವರ ಹೆಸರನ್ನು ಕೆಳಗೆ ನಮೂದಿಸಿ. ಕಾಲೇಜಿನ ಸಂಚಿಕೆಗೆ ಬರೆಯುವವರು ನೀಲಿ ಹೊಳೆಯನ್ನು ಗುರುತಿಸಿದ ಆ ನಕ್ಷೆಯನ್ನೂ ಕೈಯಿಂದ ಬರೆದು ಮೊದಲ ಪುಟದಲ್ಲಿಯೇ ಅಚ್ಚು ಮಾಡಿಸಿ. ಫುಟ್‌ಬಾಲ್ ಗೊತ್ತಿಲ್ಲದ ಒಬ್ಬರಿಗೆ, ಮನೆಯ ಹಿರಿಯರಿಗಾದರೂ ಆಗಲಿ, ಕರಡನ್ನು ಓದಿ ಹೇಳಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ಒಂದು ವಾಕ್ಯ ಸೇರಿಸಿ. ಎರಡು ಕಲಂಗಳ ಹಾಳೆಯನ್ನು ಮಾತ್ರ ಎಸೆಯಬೇಡಿ. 2032ರ ಯುರೋಪಿಯನ್ ಚಾಂಪಿಯನ್‌ಷಿಪ್ಪನ್ನು ಇಟಲಿ ಮತ್ತು ಟರ್ಕಿ ಜಂಟಿಯಾಗಿ ನಡೆಸಲಿವೆ, ಇಟಲಿ ತನ್ನ ಬೇಡಿಕೆಯಲ್ಲಿ ಹೆಸರಿಸಿದ್ದ ನಗರಗಳಲ್ಲಿ ಜೆನೋವಾ ಕೂಡ ಒಂದು, ಕ್ರೀಡಾಂಗಣದ ನವೀಕರಣದ ಮಾತುಕತೆಯೂ ನಡೆದಿದೆ. ಬಲಗಡೆಯ ಕಲಮಿನ ಕೆಳಗೆ ನಾಲ್ಕಾರು ಗೆರೆಗಳಷ್ಟು ಜಾಗವನ್ನು ಖಾಲಿ ಬಿಟ್ಟು, ಇಲ್ಲಿಯವರೆಗಿನ ಮಾಹಿತಿ ಯಾವ ತಿಂಗಳದ್ದೆಂದು ಅಡಿಯಲ್ಲಿ ಬರೆದು ಸಹಿ ಹಾಕಿಡಿ.